ಕಪ್ಪು ಕಾರಿನ ಬಲಬದಿಯ ಗೀರು

ಆಗಸ್ಟ್ 18, ಸೋಮವಾರ

ಮೂರನೇ ಮಹಡಿಯವರು ಹಳೆಯ ಸಾಮಾನಿನ ಜೊತೆ ಈ ಡೈರಿಯನ್ನೂ ಕಸಕ್ಕೆ ಹಾಕಿದ್ದರು. ಹೊರಗೆ ಬಂಗಾರದ ಬಣ್ಣದಲ್ಲಿ ಯಾವುದೋ ಕಂಪನಿಯ ಹೆಸರು, ಒಳಗೆ ಪೂರ್ತಿ ಖಾಲಿ. ಈ ಅಪಾರ್ಟ್‌ಮೆಂಟಿನ ಜನರ ಹಾಗೆಯೇ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಬರೆಯಲು ಬರುತ್ತದೆ, ಯಾರಿಗಾದರೂ ಹೇಳಿಕೊಳ್ಳಲು ಬರುವುದಿಲ್ಲ.

ನನ್ನ ಗಂಡ ಸಿದ್ರಾಮ ಸತ್ತು ಇವತ್ತಿಗೆ ನಲವತ್ತು ದಿನ. ಕಾಮಾಲೆ. ಕಣ್ಣು ಅರಿಸಿನವಾದ ಮೇಲೂ ಎಂಟು ದಿನ ಇಲ್ಲಿ ಕಾರು ತೊಳೆಯಲು ಬಂದ. ಹದಿನಾಲ್ಕು ಕಾರಿನವರು ಬೆಳಿಗ್ಗೆ ಅವನ ಮುಖ ನೋಡಿಯೇ ಬೀಗ ತೆಗೆದಿರಬೇಕು. ಒಬ್ಬರಿಗೂ ಆ ಕಣ್ಣು ಕಾಣಲಿಲ್ಲ. ತಡವಾಗಿದ್ದು ಮಾತ್ರ ಕಂಡಿತು.

ಪೀಣ್ಯದಲ್ಲಿ ಒಂಬತ್ತು ವರ್ಷ ಅವನು ಪೇಂಟಿಂಗ್ ಶೆಡ್ಡಿನಲ್ಲಿ ಗನ್ ಹಿಡಿದು ಬಣ್ಣ ಹೊಡೆದವನು. ಅದು ಕೆಲಸ. ಎದೆಯಲ್ಲಿ ಬಣ್ಣದ ಹೊಗೆ ಕೂತು ಕೆಮ್ಮು ಹಿಡಿದ ಮೇಲೆ ಅದನ್ನು ಬಿಟ್ಟು, ಕಾಡುಗೋಡಿ ಕಡೆ ಬಂದು, ಬಕೆಟ್ ಹಿಡಿದು ಮಂದಿಯ ಕಾರು ತೊಳೆಯಲು ನಿಂತ. ನಮ್ಮೂರು ಸುರಪುರದಲ್ಲಿ ಯಾರಾದರೂ ಕೇಳಿದರೆ ನಾನು ‘ಪೇಂಟಿಂಗ್ ಕಂಪನಿ’ ಎಂದೇ ಹೇಳುತ್ತಿದ್ದೆ. ಈಗ ಆ ಬಕೆಟ್ ನನ್ನ ಕೈಗೆ ಬಂದಿದೆ. ಅವನು ಬಿಟ್ಟುಹೋದ ಆಸ್ತಿ.

ಅಸೋಸಿಯೇಷನ್ನಿನ ಸೆಕ್ರೆಟರಿ ಆಶಾರಾಣಿ ಮೇಡಂ ಇವತ್ತು ಕರೆದು ಹೇಳಿದರು. “ನೋಡಿ ಮಹಾನಂದಾ, ದಸರಾ ತನಕ ನೀವೇ ಮಾಡಿ. ಆಮೇಲೆ ಒಂದು ಕಂಪನಿಯವ್ರು ಬರ್ತೀವಿ ಅಂತಿದಾರೆ, ಕಮಿಟಿ ಡಿಸೈಡ್ ಮಾಡತ್ತೆ. ಆದ್ರೆ ಒಂದು ಡ್ಯಾಮೇಜ್ ಆದ್ರೂ ನಾನು ಇಟ್ಕೊಳ್ಳಕ್ಕಾಗಲ್ಲ, ರೂಲ್ಸ್ ಅದು.”

“ಆತ್ರಿ” ಎಂದೆ.

ಈ ಕೆಲಸ ಹೋದರೆ ಊರಿಗೆ ಹೋಗಿ ಅತ್ತಿಗೆಯ ಒಲೆಯ ಮುಂದೆ ಕೂರಬೇಕು. ಅವಳ ಬಾಯಿಗಿಂತ ಈ ಕಾರುಗಳ ಕೊಳೆ ವಾಸಿ.

ಆಗಸ್ಟ್ 21, ಗುರುವಾರ

ಬಿಳಿ ಕಾರಿನವಳು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾಳಂತೆ. ಕಾರಿನ ಮೇಲೆಲ್ಲ ಬಿಳಿ ಚುಕ್ಕೆ. ನಾನು ನೀರು ಹಾಕಿದೆ, ಸೋಪು ಹಚ್ಚಿದೆ, ಒರೆಸಿದೆ. ಇನ್ನೇನು ಮಾಡಬೇಕಿತ್ತು?

ಇಲ್ಲಿನ ಬೋರ್‌ವೆಲ್ ನೀರು ಉಪ್ಪು. ಬಿಸಿಲಿಗೆ ಒಣಗಿದರೆ ಪ್ರತಿ ಹನಿಯೂ ಕಲೆಯಾಗಿ ಕೂರುತ್ತದೆ. ನಮ್ಮ ಶೀಟಿನ ಮನೆಗಳಲ್ಲಿ ಅದೇ ನೀರನ್ನು ಕುದಿಸಿ ಕುಡಿಯುತ್ತೇವೆ. ನಮ್ಮ ಹೊಟ್ಟೆಯೊಳಗೆ ಕೂತ ಕಲೆಯ ಫೋಟೋವನ್ನು ಯಾರೂ ಗ್ರೂಪಿಗೆ ಹಾಕುವುದಿಲ್ಲ.

ಗೇಟಿನ ಕೃಷ್ಣಪ್ಪ, ಮಾಲೂರು ಕಡೆಯ ಮುದುಕ, ಕೇಳದಿದ್ದರೂ ಹೇಳಿದ. “ಸಿದ್ರಾಮ ಇಂಗೆ ತೊಳೀತಿರ್ಲಿಲ್ಲ ಕಣಮ್ಮ. ಕಡೇಲಿ ಎರಡು ಕೊಡ ಕಾವೇರಿ ನೀರು ಸುರೀತಿದ್ದ. ನನ್ನ ಹತ್ರ ಬೈಸ್ಕೊಂಡೇ ಹಿಡ್ಕೊಂಡೋಗ್ತಿದ್ದ.”

“ಕುಡಿಯೋ ನೀರನ್ನೇನ್ರಿ?”

“ಊಂ. ಗೇಟಲ್ಲಿ ನಾವ್ ಕುಡಿಯೋದನ್ನೇ.”

ಮನೆಗೆ ಒಂದು ಕೊಡ ತಾ ಎಂದರೆ ಭಾರ ಎನ್ನುತ್ತಿದ್ದ ಮನುಷ್ಯ.

ಆಗಸ್ಟ್ 27, ಬುಧವಾರ

ಗಣಪತಿ ಹಬ್ಬ. ಅವರಿಗೆ ರಜೆ. ಕಾರುಗಳಿಗೆ ಇಲ್ಲ, ನನಗೂ ಇಲ್ಲ.

ಸೆಪ್ಟೆಂಬರ್ 3, ಬುಧವಾರ

ಚುಕ್ಕೆಯ ಮಾತು ಇನ್ನೊಮ್ಮೆ ಬರಬಾರದೆಂದು ಅವನ ಪದ್ಧತಿಯಲ್ಲೇ ತೊಳೆಯುತ್ತಿದ್ದೇನೆ. ನಂಬಿಕೆಯಿಂದಲ್ಲ, ಹೊಟ್ಟೆಪಾಡಿಗೆ. ಪಂಪ್ ರೂಮಿನಲ್ಲಿ ಅವನ ಸಾಮಾನು ಹಾಗೆಯೇ ಇದೆ. ಎರಡು ಬಕೆಟ್, ಮೆತ್ತನೆಯ ಕೈಗವಸಿನಂಥ ಬಟ್ಟೆ, ಮಡಚಿಟ್ಟ ಐದು ಒರೆಸುವ ಬಟ್ಟೆ. ಒಂದು ಬಕೆಟ್ಟಿನ ತಳದಲ್ಲಿ ನನ್ನ ಇಡ್ಲಿ ಪಾತ್ರೆಯ ತಟ್ಟೆ! ಎರಡು ವರ್ಷದ ಹಿಂದೆ ಅದು ಕಳೆದುಹೋಯಿತೆಂದು ನಾನು ಪಕ್ಕದ ಶೀಟಿನ ಮನೆಯವಳೊಡನೆ ಜಗಳವಾಡಿ ಮಾತು ಬಿಟ್ಟಿದ್ದೇನೆ. ಆ ಜಗಳವನ್ನು ಅವನು ಜೋಳದ ರೊಟ್ಟಿ ಮುರಿಯುತ್ತಾ ಕೂತು ನೋಡಿದ್ದ. ಬಾಯಿ ಬಿಟ್ಟಿರಲಿಲ್ಲ. ಹೇಡಿ.

ತಟ್ಟೆ ಯಾಕೆಂದು ಇವತ್ತು ತಿಳಿಯಿತು. ಕೊಳೆಯಾದ ಬಟ್ಟೆಯನ್ನು ಆ ಬಕೆಟ್ಟಿನಲ್ಲಿ ಅದ್ದಿದರೆ ಮರಳು ತಟ್ಟೆಯ ತೂತುಗಳಿಂದ ಕೆಳಗಿಳಿದು ತಳದಲ್ಲೇ ಉಳಿಯುತ್ತದೆ, ಮತ್ತೆ ಬಟ್ಟೆಗೆ ಹತ್ತುವುದಿಲ್ಲ. ಹತ್ತಿದರೆ ಆ ಮರಳೇ ಬಣ್ಣವನ್ನು ಕೆರೆಯುತ್ತದೆ. ಹೀಗೆ ತೊಳೆದರೆ ಒಂದು ಕಾರಿಗೆ ಎರಡು ಪಟ್ಟು ಹೊತ್ತು. ಮೊದಲು ಬರೀ ನೀರು, ಮೇಲಿನಿಂದ ಕೆಳಕ್ಕೆ, ಕೈ ತಾಗಿಸದೆ. ಆಮೇಲೆ ಸೋಪು. ಕೈ ನೇರವಾಗಿ ಹೋಗಬೇಕು, ಸುತ್ತು ಹಾಕಬಾರದು. ಒರೆಸುವಾಗ ಬಟ್ಟೆಯನ್ನು ಹಾಸಿ ಒತ್ತಿ ತೆಗೆಯಬೇಕು, ಎಳೆಯಬಾರದು. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರಿಗೆ ಬರಬಾರದು. ಇದನ್ನೆಲ್ಲ ಅವನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದ, ನಾನು ಪಾತ್ರೆಯ ಸದ್ದು ಮಾಡುತ್ತಿದ್ದೆ. ಅಷ್ಟಾದರೂ ಕಿವಿಯಲ್ಲಿ ಉಳಿದಿದೆಯಲ್ಲ ಎಂದು ಸಿಟ್ಟು ಬಂತು.

ನಾನು ಕೆಲಸ ಮಾಡುವುದನ್ನು ನೋಡಲು ಒಬ್ಬಳು ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಚಿಕ್ಕಮುನಿಯಮ್ಮ. ಈ ಜಾಗ ಇವರದೇ ಹೊಲವಾಗಿತ್ತಂತೆ, ಬಿಲ್ಡರಿಗೆ ಕೊಟ್ಟು ಆರು ಫ್ಲ್ಯಾಟ್ ತೆಗೆದುಕೊಂಡಿದ್ದಾರೆ. ಆರು ಫ್ಲ್ಯಾಟಿನಲ್ಲಿ ಒಂದರಲ್ಲೂ ಅಜ್ಜಿಗೆ ಹೊತ್ತು ಹೋಗುವುದಿಲ್ಲ.

“ಏನಮ್ಮಿ, ಎಮ್ಮೆ ಮೈ ತೊಳ್ದಂಗೆ ತೊಳೀತಿಯಲ್ಲ. ನಿನ್ ಗಂಡ ಮಗೀಗೆ ನೀರು ಉಯ್ದಂಗೆ ಉಯ್ತಿದ್ದ.”

“ಮನ್ಯಾಗ ಮಕ್ಕಳಿಲ್ಲಲ್ರಿ, ಅದಕ್ಕ” ಎಂದೆ.

ಅಜ್ಜಿ ಮುಖವನ್ನು ಗೇಟಿನ ಕಡೆ ತಿರುಗಿಸಿದಳು. ಸುಮ್ಮನಾಗಲಿ ಎಂದೇ ಹೇಳಿದ್ದೆ.

ಸೆಪ್ಟೆಂಬರ್ 9, ಮಂಗಳವಾರ

ಕಾರಿನ ಹೊರಗನ್ನು ನೋಡಿ ಒಳಗಿರುವ ಮನುಷ್ಯ ಎಂಥವನೆಂದು ಈಗ ಹೇಳಬಲ್ಲೆ.

ಕೆಂಪು ಕಾರಿನವನು ಬಾಗಿಲ ಪಕ್ಕದಲ್ಲಿ ಉಗುಳುತ್ತಾನೆ, ಗಾಳಿಗೆ ಅದು ಹಿಂದಿನ ಬಾಗಿಲಿಗೆ ಬಡಿದು ಒಣಗಿರುತ್ತದೆ. ಇಂಗ್ಲಿಷಿನಲ್ಲಿ ಬಹಳ ಮೆತ್ತಗೆ ಮಾತನಾಡುವ ಮನುಷ್ಯ. ಬೂದಿ ಬಣ್ಣದ ಕಾರಿನ ದಂಪತಿ ವಾರವಿಡೀ ಮಾತು ಬಿಟ್ಟಿರುತ್ತಾರೆ, ಗಾಜಿನ ಒಳಗೆ ಗಂಡಸು ಗುದ್ದಿದ ಮುಷ್ಟಿಯ ಗುರುತಿದೆ. ಬಿಳಿ ಕಾರಿನವಳು ಪಾರಿವಾಳಕ್ಕೆ ದಿನಾ ಕಾಳು ಹಾಕುತ್ತಾಳೆ, ಆಮೇಲೆ ಕಾರಿನ ಮೇಲೆ ಅದರ ಹಿಕ್ಕೆ ಬಿತ್ತೆಂದು ನನ್ನನ್ನು ಕರೆಯುತ್ತಾಳೆ. ಪುಣ್ಯ ಅವಳಿಗೆ, ಹಿಕ್ಕೆ ನನಗೆ.

ಎಲ್ಲಕ್ಕೂ ದೊಡ್ಡದು ಕಪ್ಪು ಕಾರು. ಚಿಕ್ಕಮುನಿಯಮ್ಮನ ಮಗ ಲೋಕೇಶನದು. ಜೀಪಿನಷ್ಟು ಎತ್ತರ. ಅದರ ಮಾಡು, ಮೇಲಿನ ತಗಡು, ಒರೆಸಲು ನಾನು ಬಾಗಿಲ ಕೆಳಗಿನ ಮೆಟ್ಟಿಲು ಹತ್ತಿ, ಮೈ ಒರಗಿಸಿ, ಕೈ ಚಾಚಬೇಕು. ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಬೆರಳಿನ ಗುರುತೂ ಕಾಣುತ್ತದೆ. ಲೋಕೇಶ ಬೆಳಿಗ್ಗೆ ಬಂದು ಮೊದಲು ಅದರಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಾನೆ, ಆಮೇಲೆ ಕಾರು ನೋಡುತ್ತಾನೆ.

“ಏನಮ್ಮ, ಸಿದ್ರಾಮನ ಕೈ ಬರ್ತಾ ಇದೆ ನಿಂಗೂ. ಪರ್ವಾಗಿಲ್ಲ” ಎಂದ ಇವತ್ತು.

ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಎರಡೂ ಬೇಕಿರಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವನು ಗೋಡೆಗೆ ಒರಗಿ ಕೂತಿದ್ದ. ಬಾಯಿಗೆ ರುಚಿಯಿಲ್ಲ, ಕೈಯಲ್ಲಿ ಬಲವಿಲ್ಲ ಎಂದ. ನಾನು “ಹೋಗು, ನಿನ್ನ ಹದಿನಾಲ್ಕು ಮಂದಿ ಹೆಂಡರು ಕಾಯಾಕತ್ತಾರ, ಅವರನ್ನ ಉಜ್ಜು ಹೋಗು” ಎಂದೆ.

ಎದ್ದು ಹೋದ.

ಸೆಪ್ಟೆಂಬರ್ 22, ಸೋಮವಾರ

ಲೋಕೇಶ ಕಾರು ಹೊಳೆಯಲು ಹಚ್ಚುವ ವ್ಯಾಕ್ಸ್ ಡಬ್ಬಿ ತಂದು ಕೊಟ್ಟಿದ್ದಾನೆ. ಆಯುಧಪೂಜೆಗೆ ಕಾರು ಕನ್ನಡಿಯಂತಿರಬೇಕಂತೆ. ಮೆಟ್ರೋ ಕಡೆಯ ಯಾವುದೋ ಅಂಗಡಿಯಲ್ಲಿ ಮಷೀನಿನಿಂದ ಮಾಡುತ್ತಾರೆ, ಆದರೆ ಅವನಿಗೆ ಕೈಯದೇ ಬೇಕು. “ಸಿದ್ರಾಮ ಹೋದ್ವರ್ಷ ಮಾಡ್ದ ನೋಡು, ಆರು ತಿಂಗ್ಳು ನೀರು ನಿಲ್ಲಲಿಲ್ಲ ಗುರು ಅದ್ರ ಮೇಲೆ” ಎಂದು ಕೃಷ್ಣಪ್ಪನಿಗೆ ಹೇಳುತ್ತಿದ್ದ. ಬದುಕಿದ್ದಾಗ ಒಂದು ಸಲವೂ ಅವನ ಮುಖಕ್ಕೆ ಇದನ್ನು ಹೇಳಿರಲಿಕ್ಕಿಲ್ಲ. ಸತ್ತವರನ್ನು ಹೊಗಳಿದರೆ ಖರ್ಚಿಲ್ಲ.

ಡಬ್ಬಿಯ ಮೇಲಿದ್ದದ್ದೆಲ್ಲ ಇಂಗ್ಲಿಷು. ಅವರು ಊಟದ ಹೊತ್ತಿನಲ್ಲಿ ಹೇಳುತ್ತಿದ್ದದ್ದನ್ನು ಕೂತು ನೆನಪು ಮಾಡಿಕೊಂಡೆ. ನೆರಳಿನಲ್ಲಿ ಮಾಡಬೇಕು. ಒಂದು ಬಾಗಿಲಾದ ಮೇಲೆ ಇನ್ನೊಂದು. ತೀರಾ ತೆಳ್ಳಗೆ. “ಹೆಚ್ಚು ಹಚ್ಚಿದ್ರ ಹೆಚ್ಚು ಹೊಳೀತೈತಿ ಅನ್ಕೋತಾರ ಮಂದಿ. ಹೆಚ್ಚಿಗಿ ಆದದ್ದು ಒರಸಾಕ ಹೋಗ್ತೈತಿ, ಅಷ್ಟ” ಎನ್ನುತ್ತಿದ್ದರು. ಮಂಜು ಹಿಡಿದಂತೆ ಬೆಳ್ಳಗಾದ ಮೇಲೆ ಹೊಸ ಬಟ್ಟೆಯಲ್ಲಿ ಒರೆಸಬೇಕು, ಬಟ್ಟೆಯ ಮಗ್ಗುಲು ಬದಲಿಸುತ್ತಿರಬೇಕು.

ನಾಲ್ಕು ದಿನದಲ್ಲಿ ಮುಗಿಸುತ್ತೇನೆ. ಲೋಕೇಶ ಕಮಿಟಿಯಲ್ಲಿ ದೊಡ್ಡ ದನಿ. ಅವನು ಹೂಂ ಎಂದರೆ ದಸರಾ ಆದ ಮೇಲೂ ಕೆಲಸ ನನ್ನದೇ ಎಂದು ಕೃಷ್ಣಪ್ಪ ಹೇಳುತ್ತಾನೆ.

ಸೆಪ್ಟೆಂಬರ್ 26, ಶುಕ್ರವಾರ

ಬಲಬದಿಯ ಹಿಂದಿನ ಬಾಗಿಲಿಗೆ ವ್ಯಾಕ್ಸ್ ಹಚ್ಚಿ, ಒಣಗಲು ಬಿಟ್ಟು, ಒರೆಸಿದೆ. ಎಲ್ಲ ಕಪ್ಪಾಯಿತು, ಒಂದು ಗೆರೆ ಮಾತ್ರ ಬೆಳ್ಳಗೆ ಉಳಿಯಿತು. ಒಂದು ಗೇಣು ಉದ್ದ, ತುದಿಯಲ್ಲಿ ಸ್ವಲ್ಪ ಬಾಗಿದೆ. ವ್ಯಾಕ್ಸು ಗೀರಿನೊಳಗೆ ಇಳಿದು ಕೂತಿದೆ. ಇಷ್ಟು ದಿನ ಕಣ್ಣಿಗೆ ಬೀಳದಿದ್ದದ್ದನ್ನು ನಾನೇ ಸುಣ್ಣ ತುಂಬಿ ತೋರಿಸಿದಂತಾಯಿತು.

ಉಗುರು ಆಡಿಸಿದೆ. ಉಗುರು ಜಾರಿ ಹೋದರೆ ಉಜ್ಜಿ ತೆಗೆಯಬಹುದು, ಸಿಕ್ಕಿಕೊಂಡರೆ ಇಲ್ಲ. ಸಿಕ್ಕಿಕೊಂಡಿತು.

ಅಷ್ಟರಲ್ಲಿ ಲೋಕೇಶನೇ ಬಂದ. “ಏನಮ್ಮ ಇದು! ಏನ್ ಮಾಡ್ದೆ?”

“ನಾ ಅಲ್ರಿ. ಒರಸಿದ ಮ್ಯಾಲೆ ಕಾಣಿಸ್ತು.”

ಇವನದೇ ಉಂಗುರವೋ ಕೀಲಿಯೋ ತಾಗಿರುತ್ತದೆ ಎಂದು ನನಗೆ ಖಾತ್ರಿಯಿತ್ತು. ಐದು ಬೆರಳಿಗೆ ನಾಲ್ಕು ಉಂಗುರ ಹಾಕಿಕೊಂಡವನು. ಅವನು ಕೂತು ನೋಡಿದ, ಎದ್ದು ನೋಡಿದ, ಮೊಬೈಲಿನ ದೀಪ ಹಾಕಿ ನೋಡಿದ. ಕೂಗಾಟ ಕೇಳಿ ಆಶಾರಾಣಿ ಮೇಡಂ ಇಳಿದು ಬಂದರು.

ಆಮೇಲೆ ಲೋಕೇಶನ ಮುಖವೇ ಬದಲಾಯಿತು. “ಇದು ಹೊಸ್ದಲ್ಲ ಮೇಡಂ. ಸಿದ್ರಾಮಂದೇ. ಕೊನೆಕೊನೆಗೆ ಮನುಷ್ಯ ನಿಂತ್ಕೊಳ್ಳೋಕೂ ಆಗ್ತಿರ್ಲಿಲ್ಲ ಅಂತಿದ್ರಲ್ಲ, ಎಲ್ಲೋ ಬಕೆಟ್ ತಾಗಿಸಿದಾನೆ. ನನಗೆ ಹೇಳಿಲ್ಲ, ಮುಚ್ಚಿಟ್ಟಿದಾನೆ. ಬಿಡಿ, ಹೋದೋರ ಬಗ್ಗೆ ಏನ್ ಮಾತಾಡೋದು.”

ಮೇಡಂ ಉಸಿರು ಬಿಟ್ಟರು. “ಹಾಗಿದ್ರೆ ಮಹಾನಂದಾದು ಏನೂ ಇಲ್ಲ. ಒಳ್ಳೇದಾಯ್ತು. ಲೋಕೇಶ್ ಅವ್ರೇ, ಗ್ರೂಪಲ್ಲಿ ಒಂದು ಲೈನ್ ಹಾಕ್ಬಿಡಿ, ನಾಳೆ ಯಾರೂ ಕೇಳ್ಬಾರ್ದು.”

ಹಾಕಿದ. ಕೃಷ್ಣಪ್ಪ ಓದಿ ಹೇಳಿದ. ಗೀರು ಹಾಕಿದ್ದು ಹಿಂದಿನ ಕೆಲಸದವನು ಸಿದ್ರಾಮ, ಹೇಳದೆ ಮುಚ್ಚಿಟ್ಟಿದ್ದ, ಈಗ ಬದುಕಿಲ್ಲ, ಕ್ಷಮಿಸಿದ್ದೇನೆ ಎಂದು ಬರೆದಿದ್ದಾನಂತೆ. ಕೈಮುಗಿಯುವ ಚಿತ್ರಗಳು ಮೇಲಿಂದ ಮೇಲೆ ಬಂದಿವೆ. ಇವನ ದೊಡ್ಡ ಮನಸ್ಸಿಗೆ.

ನಮ್ಮವರು ಮುಚ್ಚಿಡುವವರಲ್ಲ ಎಂದು ಹೇಳಬೇಕೆನಿಸಿತು. ಇಡ್ಲಿ ತಟ್ಟೆ ನೆನಪಾಗಿ ಸುಮ್ಮನಾದೆ.

ಸೆಪ್ಟೆಂಬರ್ 27, ಶನಿವಾರ

ಇವತ್ತು ಲೋಕೇಶನ ಮನೆಯವರು ಪೂಜೆಯ ಸಾಮಾನು ತರಲು ಇನ್ನೊಂದು ಕಾರಿನಲ್ಲಿ ಹೋಗಿದ್ದರು. ನಾನು ಕಪ್ಪು ಕಾರಿನ ಎಡಬದಿ ಮುಗಿಸುತ್ತಿದ್ದೆ. ಅಜ್ಜಿ ಕುರ್ಚಿಯಲ್ಲಿ.

“ಏನಮ್ಮಿ, ನಿನ್ ಗಂಡ ಅಂಗಿ ಇಂದೂ ಮುಂದೂ ಆಕ್ಕಂಡು ಕೆಲ್ಸ ಮಾಡ್ತಿದ್ನಲ್ಲ, ಗುಂಡಿ ಎಲ್ಲ ಬೆನ್ನಿಗೆ. ಯಾಕೆ ಅಂತ ಗೊತ್ತಾ ನಿಂಗೆ?”

ಗೊತ್ತಿರಲಿಲ್ಲ. ದಿನಾ ನಸುಕಿನಲ್ಲಿ ನನ್ನ ಮುಂದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಗುಂಡಿ ಹಾಕು ಎಂದು. ಮಂದಿ ನೋಡಿದರೆ ಹುಚ್ಚನೆನ್ನುತ್ತಾರೆ ಎಂದು ಬೈಯುತ್ತಾ ಹಾಕುತ್ತಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

“ನಾನೂ ಉಚ್ಚ ಅಂತಲೇ ಅಂದ್ಕಂಡಿದ್ದೆ. ಕೇಳ್ದೆ. ‘ಗುಂಡಿ ತಾಕಿದ್ರ ಬಣ್ಣ ಕೆರೀತೈತಬೇ’ ಅಂದ. ಬೆಲ್ಟು ಆಕ್ತಿರ್ಲಿಲ್ಲ, ಉಡದಾರಾನೂ ಒಳೀಕೆ ತಳ್ಳಿರ್ತಿದ್ದ” ಎಂದು ಅಜ್ಜಿ ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣು ನನ್ನ ಸೊಂಟಕ್ಕೆ ಬಂದು ನಿಂತಿತು.

ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿತ್ತು. ಮನೆಯದು, ಟ್ರಂಕಿನದು, ಅವರ ಸೈಕಲ್ಲಿನದು. ಮೊದಲು ಇವು ಅವರ ಹತ್ತಿರ ಇರುತ್ತಿದ್ದವು, ಕೆಲಸಕ್ಕೆ ಬಂದಾಗ ಪಂಪ್ ರೂಮಿನ ಮೊಳೆಗೆ ತೂಗುಬಿಡುತ್ತಿದ್ದರಂತೆ. ನಮ್ಮ ಕಡೆಯ ಹೆಂಗಸರು ಮೊಳೆಗೆ ತೂಗುಬಿಡುವುದಿಲ್ಲ. ಕೀಲಿ ಸಿಕ್ಕಿಸುವುದು ಸೊಂಟಕ್ಕೇ. ನನ್ನ ಅವ್ವ ಸಾಯುವ ದಿನವೂ ಹಾಗೆಯೇ ಮಲಗಿದ್ದಳು. ಸೆರಗನ್ನು ಬಿಗಿದು ಕಟ್ಟಿದಾಗ ಗೊಂಚಲು ಹೊರಗೆ ಚಾಚಿರುತ್ತದೆ.

ನಾನು ಬಲಬದಿಗೆ ಹೋದೆ. ಮೆಟ್ಟಿಲು ಹತ್ತಿದೆ. ಬಾಗಿಲಿಗೂ ಸೊಂಟಕ್ಕೂ ನಡುವೆ ಕೈ ಅಡ್ಡ ಇಟ್ಟುಕೊಂಡು, ಮಾಡು ಒರೆಸುವವಳಂತೆ ಬಲಕ್ಕೆ ಚಾಚಿದೆ. ಕೀಲಿಯ ತುದಿ ನನ್ನ ಅಂಗೈಗೆ ಚುಚ್ಚುತ್ತಾ ಗೆರೆಯ ಮೇಲೆಯೇ ಹೋಯಿತು. ಬಾಗಿದ ತುದಿಯೂ ಸರಿಹೋಯಿತು, ನಾನು ಕೆಳಗಿಳಿಯುವಾಗ ಮೈ ತಿರುಗಿಸುವ ಜಾಗ ಅದು.

ಇಳಿದು ಅಲ್ಲೇ ನೆಲದ ಮೇಲೆ ಕೂತೆ.

“ಬಾಯ್ ಮುಚ್ಕಂಡಿರು” ಎಂದಳು ಅಜ್ಜಿ. “ಸತ್ತೋನ್ ಮ್ಯಾಲೆ ಓಯ್ತಲ್ಲ, ಓಗ್ಲಿ. ಅವನಿಗೇನು ಕೆಲ್ಸ ಓಗ್ತದಾ?”

“ನೀವು ಹೇಳಂಗಿಲ್ಲೇನ್ರಿ?”

“ನಾನ್ಯಾಕೆ ಏಳ್ಲಿ? ಅದೇನು ಎತ್ತಾ ಕುಂಟಾಕೆ? ತಗಡು.”

ಈ ಮನೆಯಲ್ಲಿ ಬುದ್ಧಿಯಿರುವ ಜೀವ ಇದೊಂದೇ. ಅದನ್ನು ಕುರ್ಚಿ ಹಾಕಿ ಕಾರಿನ ಪಕ್ಕ ಕೂರಿಸಿದ್ದಾರೆ.

ಅಜ್ಜಿ ಹೇಳಿದ್ದು ಸರಿ. ಸತ್ತವರಿಗೆ ಗೀರು ತಾಗುವುದಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಇವತ್ತು ಮೂರು ಸಲ ಜನ ಬಂದು ಆ ಬಾಗಿಲು ನೋಡಿ ಹೋದರು. ಬಿಳಿ ಕಾರಿನವಳು “ಪಾಪ, ಬೇಕಂತ ಮಾಡಿರಲ್ಲ ಬಿಡಿ” ಎಂದು ನನಗೇ ಸಮಾಧಾನ ಹೇಳಿದಳು. ಪಾರಿವಾಳಕ್ಕೆ ಕಾಳು ಹಾಕುವ ದನಿಯಲ್ಲಿ.



ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ನಸುಕಿಗೇ ಹೋಗಿ ಹದಿನಾಲ್ಕು ಕಾರೂ ತೊಳೆದೆ. ಕೀಲಿ ಮೊಳೆಯಲ್ಲಿತ್ತು.

ಒಂಬತ್ತಕ್ಕೆ ಎಲ್ಲರೂ ಇಳಿದರು. ಗಂಡಸರಿಗೆ ಜರಿ ಪಂಚೆ, ಅದರ ಮೇಲೆ ಬೆಲ್ಟು. ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಬಳಿದರು, ಅರಿಸಿನ ಮೆತ್ತಿದರು, ಕಂಬಿಯಿರುವ ಹಾರವನ್ನು ಬಣ್ಣದ ಮೇಲೆ ದರದರ ಎಳೆದು ಕಟ್ಟಿದರು. ವರ್ಷವಿಡೀ ಒಂದು ಕೂದಲೆಳೆಯ ಗೀರಿಗೆ ಸಾಯುವ ಜನ. ದೇವರ ಹೆಸರಿನಲ್ಲಿ ಗೀರಿದರೆ ನೋವಿಲ್ಲವೇನೋ.

ಲೋಕೇಶ ನಿಂಬೆಹಣ್ಣುಗಳನ್ನು ಚಕ್ರದ ಕೆಳಗಿಡುತ್ತಿದ್ದ. ಕೆಂಪು ಕಾರಿನವನು ಬಂದು “ಎಲ್ಲಿ, ನಿಮ್ದು ಆ ಫೇಮಸ್ ಗೀರು?” ಎಂದ.

“ಇಲ್ಲೇ ಇದೆ ನೋಡಿ ಗುರು” ಎಂದು ಲೋಕೇಶ ಬಾಗಿಲು ತಟ್ಟಿದ. “ಸಿದ್ರಾಮ ಸೈನ್ ಹಾಕ್ಬಿಟ್ಟು ಹೋಗಿದಾನೆ. ಕಾರು ನಂದು, ಆಟೋಗ್ರಾಫ್ ಅವನ್ದು.”

ಐದಾರು ಜನ ನಕ್ಕರು. ಒಳ್ಳೆಯ ನಗುವೇ, ಹಬ್ಬದ ನಗು. ನಾನು ಪುರಿ ಕಡಲೆಯ ತಟ್ಟೆ ಹಿಡಿದು ನಿಂತಿದ್ದೆ. ಹೇಳಬೇಕೆಂದು ಹೊರಟವಳಲ್ಲ. ತಟ್ಟೆಯನ್ನು ಕೆಳಗಿಟ್ಟದ್ದು ನೆನಪಿದೆ.

“ಅದು ಅವರದಲ್ರಿ. ನಂದು.”

“ಏನು?”

“ಗೀರು ನಾ ಹಾಕಿದ್ದು. ಮಾಡು ಒರಸೋ ಮುಂದ ಸೊಂಟದಾಗಿನ ಕೀಲಿ ತಾಕಿತ್ರಿ. ನನಗೂ ಗೊತ್ತಿರ್ಲಿಲ್ಲ, ಶನಿವಾರ ಗೊತ್ತಾತು. ಅವರು ನಿಮ್ಮ ಗಾಡಿ ಮುಟ್ಟೋ ಮುಂದ ಮೈಮ್ಯಾಲ ಒಂದು ಗುಂಡಿನೂ ಇಟ್ಕೋತಿರ್ಲಿಲ್ಲ.”

ನಗು ನಿಂತಿತು. ಲೋಕೇಶನಿಗೆ ಬಾಗಿಲಿಗಿಂತ ಜೋಕು ಹಾಳಾದದ್ದೇ ಹೆಚ್ಚು ನೋವಾದಂತಿತ್ತು. “ಶನಿವಾರ ಗೊತ್ತಾದ್ದನ್ನ ಇವತ್ತು ಹೇಳ್ತೀಯ? ಪೂಜೆ ಟೈಮಲ್ಲಿ?”

ಆಶಾರಾಣಿ ಮೇಡಂ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು. “ಯಾಕಮ್ಮ ಹೇಳ್ದೆ? ಎಲ್ಲ ಸರಿಹೋಗಿತ್ತಲ್ಲ. ಯಾರಾದ್ರೂ ಕೇಳಿದ್ರಾ ನಿನ್ನ?”

ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅಷ್ಟು ಓದಿದವರು.

ಚಿಕ್ಕಮುನಿಯಮ್ಮ ಕುರ್ಚಿಯಿಂದಲೇ, ಎಲ್ಲರಿಗೂ ಕೇಳುವಂತೆ, “ದಡ್ಡಮುಂಡೇದು!” ಎಂದಳು. ಆಮೇಲೆ ಬೂದುಗುಂಬಳಕಾಯಿ ಒಡೆದರು.

ಅಕ್ಟೋಬರ್ 3, ಶುಕ್ರವಾರ

ಲೋಕೇಶ ಕರೆಸಿದ್ದ. ಕಾರಿನ ಪಕ್ಕದಲ್ಲೇ ನಿಂತು ಮಾತು. ಕೃಷ್ಣಪ್ಪನೂ ಇದ್ದ.

“ನೋಡಮ್ಮ, ನಮ್ಮಮ್ಮ ಎರಡ್ ದಿನದಿಂದ ಬೈತಿದೆ, ಆ ಹೆಂಗಸಿನ ಕೆಲ್ಸ ತೆಗೀಬೇಡ ಅಂತ. ನಂಗೂ ಕೋಪ ಇಳೀತು. ಒಂದು ಮಾಡೋಣ. ಅವತ್ತು ಕೇಳಿಸ್ಕೊಂಡಿದ್ದು ಆರು ಜನ. ಅವ್ರಿಗೆ ನಾನು ಹೇಳ್ಕೊತೀನಿ. ಗ್ರೂಪಲ್ಲಿ ಹೆಂಗಿದ್ಯೋ ಹಂಗೇ ಇರ್ಲಿ. ನೀನು ಸೋಮವಾರದಿಂದ ಬಾ. ಮೇಡಮ್ಮೂ ಒಪ್ಪಿದಾರೆ.”

“ಗ್ರೂಪಿನ್ಯಾಗ ಅವರ ಹೆಸರೇ ಇರ್ತೈತಲ್ರಿ.”

“ಇರುತ್ತೆ. ಇದ್ರೆ ಏನಿವಾಗ? ನಾನು ತಿರುಗಾ ನೀನೇ ಮಾಡಿದ್ದು ಅಂತ ಬರೆದ್ರೆ ಡ್ಯಾಮೇಜ್ ನಿನ್ ಹೆಸರಿಗೆ ಬರತ್ತೆ. ಮೇಡಂ ನಿನ್ನ ಇಟ್ಕೊಳ್ಳಕ್ಕಾಗಲ್ಲ. ನಿಂಗೆ ಕೆಲ್ಸ ಬೇಕಾ, ಮೆಸೇಜ್ ಬೇಕಾ?”

ಇವನು ಒಳ್ಳೆಯದನ್ನೇ ಮಾಡುತ್ತಿದ್ದಾನೆ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಉಗುಳಿ ಹೋಗಬಹುದಿತ್ತು. ಅತ್ತಿಗೆಯ ಒಲೆ ಕಣ್ಣ ಮುಂದೆ ಬಂತು. ಹೊಗೆಯೂ ಬಂತು.

“ಬರೀರಿ” ಎಂದೆ.

“ಯೋಚ್ನೆ ಮಾಡಿ ಹೇಳು.”

“ನೀವು ಬರೀರಿ. ನಾ ಓದೂತನ ನಿಂತಿರ್ತೀನಿ.”

ಅವನು ಕೃಷ್ಣಪ್ಪನ ಮುಖ ನೋಡಿದ, ಕಾರಿನಲ್ಲಿ ತನ್ನ ಮುಖ ನೋಡಿದ. ಆಮೇಲೆ ಹೆಬ್ಬೆರಳಿನಲ್ಲಿ ಕುಟ್ಟಿದ. ಕನ್ನಡದಲ್ಲೇ ಬರೆದ. ‘ಗೀರು ಸಿದ್ರಾಮ ಮಾಡಿದ್ದಲ್ಲ. ಅವರು ಏನನ್ನೂ ಮುಚ್ಚಿಟ್ಟಿಲ್ಲ. ಅವರ ಹೆಂಡತಿಯಿಂದ ಆಗಿದ್ದು, ಅವರೇ ಬಂದು ಹೇಳಿದ್ದಾರೆ.’ ಎರಡು ಸಲ ಓದಿದೆ. ಕಳಿಸಿದ.

ಬಕೆಟ್ಟು ತೆಗೆದುಕೊಂಡು ಬರುವಷ್ಟರಲ್ಲಿ ಮೂವತ್ತೊಂದು ಮನೆಯವರು ನೋಡಿದ್ದಾರೆ ಎಂದ ಕೃಷ್ಣಪ್ಪ. ಏನಾದರೂ ಬರೆದಿದ್ದಾರಾ ಎಂದು ಕೇಳಿದೆ.

“ಏನೂ ಇಲ್ಲ ಕಣಮ್ಮ. ಒಬ್ರು ಎಬ್ಬೆಟ್ಟು ಒತ್ತವ್ರೆ.”

ಬರೆಯಲು ಅವರಿಗೆ ಏನು ಗೊತ್ತಿದೆ. ಓದಿದರಲ್ಲ, ಸಾಕು.

ಅಕ್ಟೋಬರ್ 6, ಸೋಮವಾರ

ನಾಲ್ಕಕ್ಕೆ ಎಚ್ಚರವಾಯಿತು. ಹೋಗಲು ಕಾರುಗಳಿರಲಿಲ್ಲ. ಬಿದ್ದುಕೊಂಡೇ ಇದ್ದೆ. ಬೆಳಕಾದ ಮೇಲೆ ಪಕ್ಕದ ಶೀಟಿನ ಮನೆಯವಳು ನೀರಿಗೆ ಬಂದಾಗ ಅವಳ ಕೊಡ ಎತ್ತಿಕೊಟ್ಟೆ. ಅವಳು ನನ್ನ ಮುಖ ನೋಡಿ, ಕೊಡ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು. ಅವಳ ಸೊಕ್ಕು ಅವಳಿಗೆ.

ಊರಿಗೆ ಹೋಗುವ ಬಸ್ಸಿನವರಿಗೆ ಫೋನು ಮಾಡಬೇಕೆಂದುಕೊಂಡವಳು ಮಾಡಲಿಲ್ಲ. ಹತ್ತು ಗಂಟೆಗೆ ರಸ್ತೆಯ ಆಚೆಯ ದೊಡ್ಡ ಅಪಾರ್ಟ್‌ಮೆಂಟಿಗೆ ಹೋದೆ. ಮೂರು ಬ್ಲಾಕು, ನೂರಾರು ಕಾರು, ಎಲ್ಲವೂ ಕೊಳೆ. ಗೇಟಿನಲ್ಲಿದ್ದವನು ನಮ್ಮ ರಾಯಚೂರು ಕಡೆಯವನು, ಹೊಸ ಸಮವಸ್ತ್ರದ ಗತ್ತಿನಲ್ಲಿ ಇದ್ದ.

“ಏನ್ ಬೇಕಿತ್ತಬೇ?”

“ಕಾರು ತೊಳೆಯೋ ಕೆಲಸ.”

“ಹೆಣ್ಮಕ್ಕಳಿಗೆ ಬರ್ತೈತೇನು ಅದು? ಗೀರಿಟ್ಟೀಯ. ಯಾರ್ ಹತ್ರ ಕಲ್ತೀದಿ?”

“ಸಿದ್ರಾಮ ಅಂತ. ನಮ್ಮ ಮನೆಯವರು.”

“ಯಾವ ಸಿದ್ರಾಮ?”

ಹೇಳಿದೆ. ಪೀಣ್ಯದ ಶೆಡ್ಡಿನಿಂದ ಶುರು ಮಾಡಿದೆ. ಅವನಿಗೆ ಕೇಳುವ ಆಸೆಯೇನೂ ಇರಲಿಲ್ಲ, ಆದರೆ ಗೇಟು ಬಿಟ್ಟು ಹೋಗುವ ಹಾಗಿರಲಿಲ್ಲ. ನಾನು ನಿಲ್ಲಿಸಿದಾಗ ಹನ್ನೊಂದೂವರೆಯಾಗಿತ್ತು.